ಆಟದಲ್ಲೇ ಇರುವ ವರಸೆಗೆ ಅಖಾಡದಲ್ಲಿ ಜಾಗ ಇಲ್ಲವೇ?

ಫೈಟಿಂಗ್ ಗೇಮ್ ಅಂದ ತಕ್ಷಣ ನಮ್ಮ ವಯಸ್ಸಿನ ಬಹಳ ಜನಕ್ಕೆ ನೆನಪಾಗೋದು ಟೆಕ್ಕನ್ 3. ಎಡ್ಡಿಯನ್ನು ಆರಿಸಿಕೊಂಡು ಕಣ್ಣು ಮುಚ್ಚಿ ಬಟನ್ ಕುಟ್ಟುವವನನ್ನು ಕಂಡರೆ ಉಳಿದವರಿಗೆಲ್ಲ ಹೊಟ್ಟೆಯುರಿ. "ಎಡ್ಡಿ ತಗೋಬಾರ್ದು ಕಣೋ, ಅದು ಚೀಟಿಂಗು!" ಅನ್ನೋ ಕಾನೂನು ಹೆಚ್ಚು ಕಡಿಮೆ ಎಲ್ಲಾ ಕಡೆ ಇತ್ತು. ಯಾಕೆ ಚೀಟಿಂಗು ಅಂತ ಕೇಳಿದರೆ ಉತ್ತರ ಮಾತ್ರ ಯಾರ ಹತ್ತಿರವೂ ಇರುತ್ತಿರಲಿಲ್ಲ. ಸೋತವನು ಹೇಳಿದ್ದೇ ಕಾನೂನು :)

ಹುಡುಗಾಟದಲ್ಲಿ ಇದು ನಡೆಯುತ್ತೆ. ಆದರೆ ಸಾವಿರಾರು ಜನ ದುಡ್ಡು ಕಟ್ಟಿ, ವಿಮಾನ ಹತ್ತಿ ಬಂದು ಆಡುವ ಪಂದ್ಯಾವಳಿಯಲ್ಲಿ ಇದೇ ಪ್ರಶ್ನೆ ಎದ್ದರೆ? ಆಟ ಮಾಡಿದ ಕಂಪನಿಯೇ ಕೊಟ್ಟಿರುವ ಒಂದು ವರಸೆಯನ್ನು "ಇಲ್ಲಿ ಬಳಸಬೇಡಿ" ಅಂತ ಹೇಳುವ ಹಕ್ಕು ಯಾರಿಗಿದೆ, ಯಾವಾಗ ಇದೆ? ಇದರ ಬಗ್ಗೆ ನನಗೆ ಬಹಳ ದಿನದಿಂದ ಬರೆಯಬೇಕು ಅಂತಿತ್ತು. ಗೇಮ್ ಆಡದವರೂ ಓದಬಹುದು. ಕೊನೆಗೆ ಇದು ಗೇಮಿನ ವಿಷಯಕ್ಕಿಂತ ನಿಯಮ ಮಾಡುವವರ ವಿಷಯ.

ಮೊದಲು ಆಟದ ಪರಿಚಯ

ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಂತ ನಿಂಟೆಂಡೋ ಕಂಪನಿಯ ಒಂದು ಆಟ ಇದೆ. 1999ರಲ್ಲಿ ಶುರುವಾಗಿದ್ದು. ಮಾರಿಯೋ, ಪಿಕಾಚೂ, ಡಾಂಕಿ ಕಾಂಗ್ ಹೀಗೆ ಬೇರೆ ಬೇರೆ ಆಟಗಳ ಪಾತ್ರಗಳನ್ನೆಲ್ಲ ಒಂದೇ ಅಖಾಡಕ್ಕೆ ತಂದು ಗುದ್ದಾಡಿಸುವ ಆಟ. ಇಲ್ಲಿ ಎದುರಾಳಿಯ ಪ್ರಾಣದ ಪಟ್ಟಿ ಖಾಲಿ ಮಾಡುವುದಲ್ಲ, ಅವನನ್ನು ಅಖಾಡದಿಂದ ಹೊರಕ್ಕೆ ಹಾರಿಸಬೇಕು. ಹೊಡೆತ ತಿಂದಷ್ಟೂ ಶೇಕಡಾ ಲೆಕ್ಕ ಏರುತ್ತೆ, ಏರಿದಷ್ಟೂ ದೂರ ಹಾರುತ್ತಾರೆ.

ಪ್ರತಿ ಪಾತ್ರಕ್ಕೂ ನಾಲ್ಕು ವಿಶೇಷ ವರಸೆಗಳು. ಸ್ಪೆಷಲ್ ಬಟನ್ ಒತ್ತಿದರೆ ಒಂದು, ಪಕ್ಕಕ್ಕೆ ತಳ್ಳಿ ಒತ್ತಿದರೆ ಒಂದು, ಮೇಲಕ್ಕೆ ಒಂದು, ಕೆಳಕ್ಕೆ ಒಂದು. ಪಾತ್ರದ ವ್ಯಕ್ತಿತ್ವವೆಲ್ಲ ಇರೋದು ಈ ನಾಲ್ಕರಲ್ಲಿ.

2014ರಲ್ಲಿ ಇದರ ಹೊಸ ಆವೃತ್ತಿ ಬಂತು. ಮೊದಲು 3ಡಿಎಸ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರಕ್ಕೆ, ಆಮೇಲೆ ವೀ ಯೂ ಎಂಬ ಟಿವಿಗೆ ಜೋಡಿಸುವ ಯಂತ್ರಕ್ಕೆ. ಆಡುವವರು ಇದನ್ನು ಸ್ಮ್ಯಾಶ್ 4 ಅಂತಲೇ ಕರೆಯೋದು. ಇದರಲ್ಲಿ ಒಂದು ಹೊಸ ವಿಷಯ ಇತ್ತು. ನಾಲ್ಕು ವರಸೆಗಳಲ್ಲಿ ಪ್ರತಿಯೊಂದಕ್ಕೂ ಮೂರು ರೂಪ! ಒಂದು ಮಾಮೂಲಿ, ಉಳಿದ ಎರಡು ಬದಲಿ. ಬೇಕಾದ್ದು ಆರಿಸಿ ಜೋಡಿಸಿಕೊಳ್ಳಿ. ಇವಕ್ಕೆ ಕಸ್ಟಮ್ ಮೂವ್ ಅಂತ ಹೆಸರು. ಲೆಕ್ಕ ಹಾಕಿದರೆ 3×3×3×3, ಅಂದರೆ ಒಂದು ಪಾತ್ರಕ್ಕೆ 81 ಜೋಡಣೆಗಳು. ಆಟಗಾರರು ಇದನ್ನು ನಾಲ್ಕಂಕಿಯಲ್ಲಿ ಹೇಳುತ್ತಾರೆ. 1111 ಅಂದರೆ ಎಲ್ಲಾ ಮಾಮೂಲಿ. 1132 ಅಂದರೆ ಮೊದಲೆರಡು ಮಾಮೂಲಿ, ಮೂರನೆಯದಕ್ಕೆ ಮೂರನೇ ರೂಪ, ನಾಲ್ಕನೆಯದಕ್ಕೆ ಎರಡನೇ ರೂಪ.

ಇದರ ಜೊತೆ ಪಾತ್ರದ ಬಲ, ವೇಗ ಏರಿಸಿ ಇಳಿಸುವ ಎಕ್ವಿಪ್‌ಮೆಂಟ್ ಅಂತಲೂ ಒಂದಿತ್ತು. ಅದನ್ನು ಪಂದ್ಯಾವಳಿಗೆ ತರೋಣ ಅಂತ ಗಂಭೀರವಾಗಿ ಯಾರೂ ವಾದ ಮಾಡಲಿಲ್ಲ. ಜಗಳ ಆಗಿದ್ದು ಕಸ್ಟಮ್ ಮೂವ್‌ಗಳ ಬಗ್ಗೆ ಮಾತ್ರ.

ಒಂದು ವರ್ಷದಲ್ಲಿ ಬಂತು, ಹೋಯ್ತು

2015ರ ಜನವರಿ ಕೊನೆಯಲ್ಲಿ ಅಮೆರಿಕದ ನ್ಯೂ ಜೆರ್ಸಿಯಲ್ಲಿ ಅಪೆಕ್ಸ್ ಎಂಬ ದೊಡ್ಡ ಪಂದ್ಯಾವಳಿ ನಡೀತು. ಅಲ್ಲಿ ಕಸ್ಟಮ್ ಇರಲಿಲ್ಲ. ಗೆದ್ದಿದ್ದು ಚಿಲಿ ದೇಶದ ಝೀರೋ ಎಂಬ ಆಟಗಾರ. ಅದೇ ವರ್ಷ ಜುಲೈನಲ್ಲಿ ಲಾಸ್ ವೇಗಸ್‌ನಲ್ಲಿ ಇವೋ. ಫೈಟಿಂಗ್ ಗೇಮ್‌ಗಳ ಮಟ್ಟಿಗೆ ಇವೋ ಅಂದರೆ ಮೈಸೂರು ದಸರಾ ಇದ್ದ ಹಾಗೆ, ಎಲ್ಲರೂ ಬರುವ ಜಾಗ. ಸ್ಮ್ಯಾಶ್ 4 ಒಂದಕ್ಕೇ 1,926 ಜನ ಹೆಸರು ಕೊಟ್ಟಿದ್ದರು. ಅಲ್ಲಿ ಕಸ್ಟಮ್ ಮೂವ್‌ಗಳಿಗೆ ಅನುಮತಿ ಇತ್ತು. ಗೆದ್ದಿದ್ದು? ಮತ್ತೆ ಅದೇ ಝೀರೋ!

ಇದಾದ ಮೇಲೆ ಒಂದೊಂದೇ ಪಂದ್ಯಾವಳಿ ಕಸ್ಟಮ್ ಕೈಬಿಟ್ಟವು. 2016ರ ಇವೋದಲ್ಲಿ ಅವು ಇರಲಿಲ್ಲ. 2018ರ ಕೊನೆಯಲ್ಲಿ ಸ್ಮ್ಯಾಶ್ ಅಲ್ಟಿಮೇಟ್ ಬಂದಾಗ ನಿಂಟೆಂಡೋದವರೇ ಈ ವ್ಯವಸ್ಥೆ ತೆಗೆದುಹಾಕಿದರು. ಮೀ ಫೈಟರ್ ಎಂಬ ಮೂರು ಪಾತ್ರಗಳಿಗೆ ಮಾತ್ರ ಉಳಿಸಿದರು. ಮೀ ಅಂದರೆ ಆಟಗಾರನೇ ಮುಖ, ಬಟ್ಟೆ ಎಲ್ಲಾ ರೂಪಿಸಿಕೊಳ್ಳುವ ಗೊಂಬೆ. ಇವಕ್ಕೆ ಇವತ್ತಿಗೂ ಪ್ರತಿ ವರಸೆಗೆ ಮೂರು ಆಯ್ಕೆ ಇದೆ. ಈ ಮೀಗಳ ವಿಷಯಕ್ಕೆ ಆಮೇಲೆ ಬರ್ತೀನಿ.

ಬೇಡ ಅಂದವರ ಕಾರಣಗಳು

ಬೇಡ ಅಂದವರನ್ನೆಲ್ಲ ಹೆದರುಪುಕ್ಕಲರು, ಹೊಸದು ಕಲಿಯಲು ಸೋಮಾರಿಗಳು ಅಂತ ಬೈಯೋದು ಸುಲಭ. ಆದರೆ ಅವರ ಕಾರಣಗಳಲ್ಲಿ ಕೆಲವು ಗಟ್ಟಿ ಇದ್ದವು.

ಮೊದಲನೆಯದು, ಬಾಗಿಲು ತೆರೆಯುವ ಕಷ್ಟ. ಕಸ್ಟಮ್ ಮೂವ್‌ಗಳು ಆಟ ಕೊಂಡ ದಿನವೇ ಸಿಗುತ್ತಿರಲಿಲ್ಲ. ಒಬ್ಬರೇ ಆಡುವ ಬೇರೆ ಬೇರೆ ಆಟಗಳನ್ನು ಆಡ್ತಾ ಹೋದರೆ ಬಹುಮಾನದ ಹಾಗೆ ಒಂದೊಂದೇ ಉದುರುತ್ತಿದ್ದವು, ಅದೂ ಅದೃಷ್ಟದ ಮೇಲೆ. ಪಾತ್ರಕ್ಕೆ 8 ಹೆಚ್ಚುವರಿ ವರಸೆ, ಪಾತ್ರಗಳು 45ಕ್ಕೂ ಹೆಚ್ಚು. 350ಕ್ಕೂ ಮೀರಿದ ವರಸೆಗಳನ್ನು ಹೀಗೆ ಒಂದೊಂದಾಗಿ ಹೆಕ್ಕಬೇಕು. ಪಾಲುಟೀನಾ ಮತ್ತು ಮೀ ಫೈಟರ್‌ಗಳಿಗೆ ಮಾತ್ರ ಮೊದಲಿಂದಲೇ ಎಲ್ಲವೂ ತೆರೆದಿದ್ದವು. ಈಗ ಪಂದ್ಯಾವಳಿ ನಡೆಸುವವನ ಕಷ್ಟ ಯೋಚಿಸಿ. ಅವನ ಹತ್ತಿರ ಹತ್ತು ಯಂತ್ರ ಇದ್ದರೆ ಹತ್ತರಲ್ಲೂ ಎಲ್ಲವೂ ತೆರೆದಿರಬೇಕು. ಒಂದರಲ್ಲಿ ಒಬ್ಬನ ವರಸೆ ಇಲ್ಲ ಅಂದರೆ ಮುಗೀತು ಕಥೆ.

ಎರಡನೆಯದು, ಉಳಿಸಿಡುವ ಜಾಗ. ಒಂದು ಪಾತ್ರಕ್ಕೆ 10 ಜೋಡಣೆ ಮಾತ್ರ ಯಂತ್ರದಲ್ಲಿ ಉಳಿಸಿಡಬಹುದಿತ್ತು. 81ರಲ್ಲಿ ಯಾವ 10? ಅದನ್ನು ಆಟಗಾರರ ಸಮುದಾಯದವರೇ ಸೇರಿಕೊಂಡು ಪಾತ್ರವಾರು ಪಟ್ಟಿ ಮಾಡಿದರು. ಸಂಬಳ ಇಲ್ಲ, ಸಾರಿಗೆ ಇಲ್ಲ, ಆಟದ ಮೇಲಿನ ಪ್ರೀತಿಗೆ ಮಾಡಿದ ಕೆಲಸ. ಆದರೆ ನಿಮ್ಮ ಇಷ್ಟದ ಜೋಡಣೆ ಆ 10ರಲ್ಲಿ ಇಲ್ಲದಿದ್ದರೆ ಅದು ನಿಮ್ಮ ಪಾಲಿಗೆ ಇಲ್ಲದ ಹಾಗೇ.

ಮೂರನೆಯದು, ಅಭ್ಯಾಸ. ಇಂಟರ್ನೆಟ್ಟಿನಲ್ಲಿ ಅಪರಿಚಿತರ ಜೊತೆ ಆಡುವ 'ಫಾರ್ ಗ್ಲೋರಿ' ಎಂಬ ವಿಭಾಗದಲ್ಲಿ ಕಸ್ಟಮ್ ಮೂವ್ ಇರಲಿಲ್ಲ. ಅಂದರೆ ದೊಡ್ಡ ಊರಿನಲ್ಲಿ, ಆಡುವ ಗೆಳೆಯರ ಮಧ್ಯೆ ಇರುವವನು ಕಸ್ಟಮ್ ಎದುರು ಪಳಗುತ್ತಾನೆ. ಸಣ್ಣ ಊರಲ್ಲಿ ಒಬ್ಬನೇ ಕೂತು ಆಡುವವನು ಆ ವರಸೆಯನ್ನು ಮೊದಲ ಸಲ ನೋಡೋದೇ ಪಂದ್ಯದ ದಿನ. ನನ್ನ ಮಟ್ಟಿಗೆ ಕಸ್ಟಮ್ ವಿರುದ್ಧದ ಅತ್ಯಂತ ಬಲವಾದ ಕಾರಣ ಇದೇ. ಪರೀಕ್ಷೆಗೆ ಬರುವ ಪಾಠ ಪುಸ್ತಕದಲ್ಲೇ ಇಲ್ಲ ಅಂದರೆ ಹೇಗೆ?

ನಾಲ್ಕನೆಯದು, ಕೆಲವು ವರಸೆಗಳ ಅತಿರೇಕ. ಡಾಂಕಿ ಕಾಂಗ್‌ನ ಮೇಲ್ವರಸೆಯ ಒಂದು ಬದಲಿ ರೂಪ ಇತ್ತು, ಕಾಂಗ್ ಸೈಕ್ಲೋನ್ ಅಂತ. ಶುರುವಿನಲ್ಲಿ ಹೊಡೆದರೂ ಜಗ್ಗುವುದಿಲ್ಲ, ಜೊತೆಗೆ ಸುಳಿಗಾಳಿಯಂತೆ ಎದುರಾಳಿಯನ್ನು ಎಳೆದುಕೊಳ್ಳುತ್ತೆ. ವಿಲೇಜರ್ ಎಂಬ ಹಳ್ಳಿ ಹುಡುಗನ ಬಲೂನುಗಳು ಬದಲಿ ರೂಪದಲ್ಲಿ ಸಿಡಿಯುತ್ತಿದ್ದವು. ಅವನು ದೂರದಲ್ಲೇ ಉಳಿದು ಪಂದ್ಯವನ್ನು ಎಳೆದಾಡುತ್ತಾನೆ, ನೋಡೋಕೆ ಬೇಜಾರು ಅಂತ ದೊಡ್ಡ ದೂರು.

ಈ ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬಿ "ಕಸ್ಟಮ್ ಬೇಡ" ಅಂತ ಕಟ್ಟಿಟ್ಟರು ನೋಡಿ, ನನ್ನ ತಕರಾರು ಅಲ್ಲಿ. ಮೊದಲ ಮೂರು ವ್ಯವಸ್ಥೆಯ ದೋಷ. ನಾಲ್ಕನೆಯದು ಒಂದೆರಡು ವರಸೆಗಳ ಮೇಲಿನ ಆರೋಪ. ಇವು ಬೇರೆ ಬೇರೆ ರೋಗಗಳು. ಒಂದೇ ಗುಳಿಗೆ ಆಗೋದಿಲ್ಲ.

'ಡೀಫಾಲ್ಟ್' ಅಂದರೆ ದೇವರ ವಾಕ್ಯವೇ?

ಬೇಡ ಅನ್ನುವವರ ಬಾಯಲ್ಲಿ ಇನ್ನೊಂದು ಮಾತು ಸದಾ ಬರುತ್ತಿತ್ತು. ಮಾಮೂಲಿ ವರಸೆಗಳೇ ಆಟದ ನಿಜವಾದ ರೂಪ, ಕಸ್ಟಮ್ ಅನ್ನೋದು ಮನರಂಜನೆಗೆ ಇಟ್ಟ ಉಪ್ಪಿನಕಾಯಿ ಅಂತ.

ಸಾಫ್ಟ್‌ವೇರ್ ಕೆಲಸ ಮಾಡುವ ಯಾರನ್ನಾದರೂ ಕೇಳಿ. ಡೀಫಾಲ್ಟ್ ಅಂದರೆ ಏನು? ಬಿಡುಗಡೆಯ ಹಿಂದಿನ ದಿನ ಮೀಟಿಂಗಿನಲ್ಲಿ ಯಾರೋ ಒಬ್ಬರು "ಸದ್ಯಕ್ಕೆ ಇದಿರಲಿ" ಅಂದಿದ್ದು! :) ನಾವು ಬರೆದ ಎಷ್ಟೋ ಡೀಫಾಲ್ಟ್‌ಗಳನ್ನು ಗ್ರಾಹಕರು ಶಾಸನ ಅಂತ ತಿಳಿದುಕೊಂಡಿರುತ್ತಾರೆ. ನಮಗಷ್ಟೇ ಗೊತ್ತು ಅದರ ಬಂಡವಾಳ.

ತಮಾಷೆ ಬಿಡಿ, ಸ್ಮ್ಯಾಶ್‌ನಲ್ಲೇ ಇದಕ್ಕೆ ಚೆಂದದ ಉದಾಹರಣೆ ಇದೆ. ಪಾಲುಟೀನಾ. ಸ್ಮ್ಯಾಶ್ 4ರಲ್ಲಿ ಅವಳ ಮಾಮೂಲಿ ಪಕ್ಕದ ವರಸೆ ಎದುರಿನಿಂದ ಬಂದದ್ದನ್ನು ವಾಪಸ್ ಕಳಿಸುವ ಒಂದು ಗೋಡೆ, ಕೆಳವರಸೆ ಹೊಡೆತಕ್ಕೆ ತಿರುಗೇಟು. ಅವಳನ್ನು ಮಾಮೂಲಿ ವರಸೆಗಳಲ್ಲಿ ಆಡುವವರು ಕಡಿಮೆ. ಆದರೆ ಕಸ್ಟಮ್ ಇದ್ದಾಗ ಅವಳೇ ಬೇರೆ. ಮೈ ಹಗುರ ಮಾಡಿಕೊಂಡು ಓಡಾಡುವ ಲೈಟ್‌ವೇಯ್ಟ್, ನುಗ್ಗಿ ಹೊಡೆಯುವ ಸೂಪರ್ ಸ್ಪೀಡ್, ದೂರದಲ್ಲಿ ಸ್ಫೋಟ ಮಾಡುವ ಎಕ್ಸ್‌ಪ್ಲೋಸಿವ್ ಫ್ಲೇಮ್... ಕಸ್ಟಮ್ ನಿಷೇಧ ಅಂದರೆ ಪಾಲುಟೀನಾಗೆ ಹೆಚ್ಚು ಕಡಿಮೆ ನಿಷೇಧ ಹಾಕಿದ ಹಾಗೆಯೇ ಆಗುತ್ತಿತ್ತು.

ಅಲ್ಟಿಮೇಟ್ ಬಂದಾಗ ಏನಾಯ್ತು? ಕಸ್ಟಮ್ ಆಗಿದ್ದ ಆ ಎಕ್ಸ್‌ಪ್ಲೋಸಿವ್ ಫ್ಲೇಮ್ ಅವಳ ಮಾಮೂಲಿ ಪಕ್ಕದ ವರಸೆ ಆಯ್ತು. ಗೋಡೆ, ತಿರುಗೇಟು ಎರಡನ್ನೂ ಸೇರಿಸಿ ಒಂದೇ ಕೆಳವರಸೆ ಮಾಡಿದರು. ಅವಳು ಆ ಆಟದ ಬಲಿಷ್ಠ ಪಾತ್ರಗಳಲ್ಲಿ ಒಬ್ಬಳಾದಳು. ನಿನ್ನೆ "ಉಪ್ಪಿನಕಾಯಿ" ಆಗಿದ್ದು ಇವತ್ತು ಅನ್ನ! ಅದನ್ನು ಪಂದ್ಯಾವಳಿಯಿಂದ ತೆಗೀರಿ ಅಂತ ಯಾರೂ ಕೇಳಲಿಲ್ಲ. ಅಲ್ಲ ಸ್ವಾಮೀ, ವರಸೆ ಅದೇ ತಾನೇ? ಬದಲಾಗಿದ್ದು ಅದು ಮೆನುವಿನಲ್ಲಿ ಕೂತಿರುವ ಜಾಗ ಮಾತ್ರ. ಹಾಗಿದ್ದ ಮೇಲೆ ಒಂದು ವರಸೆ ಮಾಮೂಲಿಯೋ ಐಚ್ಛಿಕವೋ ಅನ್ನೋದು ಅದರ ಯೋಗ್ಯತೆ ಅಳೆಯುವ ಮಾನದಂಡ ಆಗೋಕೆ ಸಾಧ್ಯವೇ ಇಲ್ಲ.

ಇನ್ನು "ಕಸ್ಟಮ್ ಬಂದರೆ ಆಟಗಾರನ ಕೌಶಲಕ್ಕೆ ಬೆಲೆ ಇರಲ್ಲ" ಅನ್ನೋ ವಾದ. ಕಸ್ಟಮ್ ಇಲ್ಲದ ಅಪೆಕ್ಸ್ ಗೆದ್ದವನೇ ಕಸ್ಟಮ್ ಇದ್ದ ಇವೋ ಕೂಡ ಗೆದ್ದ. ಒಬ್ಬನೇ ಮನುಷ್ಯನ ಉದಾಹರಣೆಯಿಂದ ಎಲ್ಲವೂ ಸಾಬೀತಾಗೋದಿಲ್ಲ, ಒಪ್ಪುತ್ತೇನೆ. ಆದರೆ ಆಕಾಶ ಕಳಚಿ ಬೀಳುತ್ತೆ ಅಂದಿದ್ದರಲ್ಲ, ಅದಂತೂ ಬೀಳಲಿಲ್ಲ.

ಹಳೆಯ ಮೂರು ಕೇಸುಗಳು

ಫೈಟಿಂಗ್ ಗೇಮ್‌ಗಳಲ್ಲಿ ನಿಷೇಧ ಹೊಸದೇನಲ್ಲ. ಮೂರು ಕೇಸು ನೋಡಿ, ಮೂರಕ್ಕೂ ಕಾರಣ ಬೇರೆ.

ಒಂದು, ಅಕುಮಾ. 1994ರ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೋದಲ್ಲಿ ಬಚ್ಚಿಟ್ಟ ಪಾತ್ರ. ಗಾಳಿಯಲ್ಲಿ ಹಾರಿಕೊಂಡೇ ಬೆಂಕಿಯುಂಡೆ ಎಸೆಯುತ್ತಿದ್ದ, ಉಳಿದ ಪಾತ್ರಗಳ ಹತ್ತಿರ ಅದಕ್ಕೆ ಉತ್ತರವೇ ಇಲ್ಲ. ಅಮೆರಿಕದ ಪಂದ್ಯಾವಳಿಗಳಲ್ಲಿ ನಿಷೇಧ. ಜಪಾನಿನಲ್ಲಿ ಕಾಗದದ ಮೇಲೆ ನಿಷೇಧ ಇಲ್ಲದಿದ್ದರೂ ಮರ್ಯಾದಸ್ಥರು ತಾವಾಗಿಯೇ ಬಿಟ್ಟರು. ಇಲ್ಲಿ ಕಾರಣ ಬಲ. ಅವನಿದ್ದರೆ ಉಳಿದ ಆಟವೇ ಸಾಯುತ್ತೆ. ಸ್ವತಃ ಆಟಗಾರ, ಗೇಮ್ ವಿನ್ಯಾಸಕ ಆದ ಡೇವಿಡ್ ಸರ್ಲಿನ್ ತಮ್ಮ ಪುಸ್ತಕದಲ್ಲಿ ನಿಷೇಧಕ್ಕೆ ಮೂರು ಷರತ್ತು ಹಾಕುತ್ತಾರೆ: ಜಾರಿ ಮಾಡೋಕೆ ಆಗಬೇಕು, ಗೆರೆ ಎಳೆದಷ್ಟು ಸ್ಪಷ್ಟ ಇರಬೇಕು, ನಿಜಕ್ಕೂ ಅಗತ್ಯ ಇರಬೇಕು. ಅಕುಮಾ ಮೂರಕ್ಕೂ ಒದಗುತ್ತಾನೆ.

ಎರಡು, ಸ್ಮ್ಯಾಶ್‌ನ ಐಟಂಗಳು. ಬಾಂಬು, ಸುತ್ತಿಗೆ ಇತ್ಯಾದಿ ಆಕಾಶದಿಂದ ಎಲ್ಲೆಂದರಲ್ಲಿ ಉದುರುತ್ತವೆ. 2008ರ ಇವೋದಲ್ಲಿ ಸ್ಮ್ಯಾಶ್ ಬ್ರಾಲ್ ಆಟವನ್ನು ಐಟಂ ಇಟ್ಟುಕೊಂಡೇ ಆಡಿಸಿದರು, ಬೈಸಿಕೊಂಡರು. ಇಲ್ಲಿ ಕಾರಣ ಅದೃಷ್ಟ. ನಿನ್ನ ಪಕ್ಕದಲ್ಲಿ ಬಿದ್ದ ಬಾಂಬಿಗೆ ನಾನು ಏನು ಅಭ್ಯಾಸ ಮಾಡಲಿ? ತೆಗೆದದ್ದು ಸರಿ.

ಮೂರು, ಮಾರ್ಟಲ್ ಕಾಂಬ್ಯಾಟ್ 11. 2019ರಲ್ಲಿ ಬಂತು. ಪಾತ್ರದ ವರಸೆಗಳನ್ನು ನೀವೇ ಆರಿಸಿ ಜೋಡಿಸಿಕೊಳ್ಳಿ ಅನ್ನೋದೇ ಅದರ ದೊಡ್ಡ ಆಕರ್ಷಣೆ. ಆದರೆ ಪಂದ್ಯಾವಳಿಗೆ ಮಾತ್ರ ಶುರುವಿನಲ್ಲಿ ಕಂಪನಿಯವರು ಪ್ರತಿ ಪಾತ್ರಕ್ಕೆ ಕಟ್ಟಿಟ್ಟ ಎರಡೇ ಜೋಡಣೆ. ಆಟಗಾರರು ಗೊಣಗಿದರು. ಅಂಗಡಿ ತುಂಬಾ ಸೀರೆ ತೋರಿಸಿ, ಮದುವೆಗೆ ಮಾತ್ರ ಈ ಎರಡರಲ್ಲಿ ಒಂದು ಉಡಿ ಅಂದ ಹಾಗಾಯ್ತು. ಆಮೇಲೆ ಮೂರನೆಯದು ಕೊಟ್ಟರು, ಕೊನೆಗೆ ಆಟಗಾರರ ಸ್ವಂತ ಜೋಡಣೆಗಳಿಗೂ ಬಾಗಿಲು ತೆರೆದರು. ಅದೇ ಆಟ, ಅದೇ ವರಸೆಗಳು. ವ್ಯವಸ್ಥೆ ಮಾಡುವ ಮನಸ್ಸು ಬಂದಾಗ ದಾರಿಯೂ ಸಿಕ್ಕಿತು.

ಹಾಗಾದರೆ ಅಳೆಯೋದು ಹೇಗೆ?

ನನ್ನ ಪ್ರಕಾರ ಯಾವುದೇ ಐಚ್ಛಿಕ ವರಸೆಯನ್ನು ಅಖಾಡಕ್ಕೆ ಬಿಡಬೇಕೋ ಬೇಡವೋ ಅನ್ನೋಕೆ ಮೂರು ಪ್ರಶ್ನೆ ಸಾಕು.

1. ಪಂದ್ಯಕ್ಕೆ ಬಂದ ಎಲ್ಲರಿಗೂ ಅದು ಸಮಾನವಾಗಿ ಸಿಗುತ್ತದೆಯೇ?
2. ಅದನ್ನು ಬಳಸೋದನ್ನೂ, ಅದರ ಎದುರು ಆಡೋದನ್ನೂ ಸಾಮಾನ್ಯ ಆಟಗಾರ ಮನೆಯಲ್ಲಿ ಕೂತು ಅಭ್ಯಾಸ ಮಾಡಬಹುದೇ?
3. ಅದು ಬಂದ ಮೇಲೂ ಎರಡು ಕಡೆಯವರಿಗೂ ಆಟ ಉಳಿಯುತ್ತದೆಯೇ, ಅಥವಾ ಉಳಿದೆಲ್ಲ ದಾರಿ ಮುಚ್ಚಿ ಒಂದೇ ದಾರಿ ಆಗುತ್ತದೆಯೇ?

ಗಮನಿಸಿ, "ಅದು ಬಲವಾಗಿದೆಯೇ" ಅನ್ನೋ ಪ್ರಶ್ನೆ ಪಟ್ಟಿಯಲ್ಲಿ ಇಲ್ಲ. ಎಲ್ಲಾ ಪಂದ್ಯಾವಳಿಗಳಲ್ಲೂ ಬಲವಾದ ಪಾತ್ರ ಇದ್ದೇ ಇರುತ್ತೆ, ಕೈಲಾಗದ ಪಾತ್ರವೂ ಇರುತ್ತೆ. ಕ್ರೀಡೆ ಕೊಡಬೇಕಾದ್ದು ಬಲದ ಸಮಾನತೆ ಅಲ್ಲ, ಅವಕಾಶದ ಸಮಾನತೆ.

ಸ್ಮ್ಯಾಶ್ 4ರ ಕಸ್ಟಮ್‌ಗಳಿಗೆ ಇದನ್ನು ಹಚ್ಚಿ ನೋಡಿ. ಮೊದಲ ಪ್ರಶ್ನೆಗೆ ಫೇಲ್. 350 ವರಸೆ ಹೆಕ್ಕಬೇಕು, 10 ಜೋಡಣೆಯಲ್ಲಿ ತೃಪ್ತಿ ಪಡಬೇಕು. ಸಾಲದ್ದಕ್ಕೆ ಮ್ಯೂಟೂ, ರ್‍ಯೂ, ಕ್ಲೌಡ್, ಬೇಯೊನೆಟ್ಟಾ ಹೀಗೆ ಆಮೇಲೆ ದುಡ್ಡಿಗೆ ಮಾರಿದ 7 ಪಾತ್ರಗಳಿಗೆ ಕಸ್ಟಮ್ ಮೂವ್‌ಗಳೇ ಇರಲಿಲ್ಲ. ಎರಡನೇ ಪ್ರಶ್ನೆಗೂ ಫೇಲ್. ಮೂರನೆಯದಕ್ಕೆ? ಬಹುಪಾಲು ವರಸೆಗಳು ಪಾಸ್, ಒಂದೆರಡರ ಬಗ್ಗೆ ಅನುಮಾನ. ಅನುಮಾನ ಇದ್ದವನ್ನು ಮಾತ್ರ ಹೆಸರಿಸಿ ತೆಗೆಯಬಹುದಿತ್ತು.

ಹಾಗಾಗಿ 2015ರ ನಂತರ ಕಸ್ಟಮ್ ಕೈಬಿಟ್ಟ ನಿರ್ಧಾರವನ್ನು ನಾನು ತಪ್ಪು ಅನ್ನೋದಿಲ್ಲ. ಆದರೆ ಕೈಬಿಡಲು ಸರಿಯಾದ ಕಾರಣ ನಿಂಟೆಂಡೋ ಮಾಡಿದ ಅರೆಬೆಂದ ವ್ಯವಸ್ಥೆ. ಜನರ ಬಾಯಲ್ಲಿ ಉಳಿದಿದ್ದು ಮಾತ್ರ "ಕಸ್ಟಮ್ ಅಂದರೆ ಅನ್ಯಾಯ" ಅನ್ನೋ ಮಾತು. ಕಾರಣ ತಪ್ಪಿದರೆ ಏನಾಯ್ತು, ನಿರ್ಧಾರ ಸರಿ ಇದೆಯಲ್ಲ ಅಂತೀರಾ? ಅದರ ಫಲ ಕೆಳಗಿದೆ ನೋಡಿ.

ಮೀ ಆಡುವ ಹುಡುಗ

ಈಗ ಬೆಂಗಳೂರಿಗೆ ಬನ್ನಿ. ವೀ ಯೂ ಯಂತ್ರವನ್ನು ನಾನು ಕಣ್ಣಾರೆ ಕಂಡಿದ್ದೇ ಇಲ್ಲ, ಅದರ ಪಂದ್ಯಗಳನ್ನೆಲ್ಲ ಹಾಸ್ಟೆಲಿನ ವೈಫೈನಲ್ಲಿ ವಿಡಿಯೋ ನೋಡಿ ಕಲಿತಿದ್ದು. ಕೆಲಸಕ್ಕೆ ಸೇರಿದ ಮೇಲೆ ಸ್ವಿಚ್ ಕೊಂಡೆ. ಈಗ ನಾವೊಂದು ಐದಾರು ಜನ ವಾರಾಂತ್ಯಕ್ಕೆ ಒಬ್ಬರ ಮನೆಯಲ್ಲಿ ಸೇರಿ ಅಲ್ಟಿಮೇಟ್ ಆಡ್ತೀವಿ. ನಮ್ಮಲ್ಲೊಬ್ಬ ಹುಡುಗ, ನನಗಿಂತ ಚಿಕ್ಕವನು, ತುಮಕೂರಿನ ಕಡೆಯವನು. ಅವನು ಆಡೋದು ಮೀ ಬ್ರಾಲರ್ ಮಾತ್ರ. ಗೊಂಬೆಗೆ ಅವರ ತಾತನ ಮುಖ ಮಾಡಿದ್ದಾನೆ, ದಪ್ಪ ಮೀಸೆ ಸಮೇತ. ತಾತ ಗಾಳಿಯಲ್ಲಿ ಹಾರಿ ಪಿಕಾಚೂಗೆ ಒದೆಯೋದು ನೋಡೋಕೇ ಒಂದು ಸೊಗಸು :)

ಕಳೆದ ವರ್ಷ ನಗರದಲ್ಲಿ ಒಂದು ಸಣ್ಣ ಪಂದ್ಯಾವಳಿ ನಡೀತು. ಇಪ್ಪತ್ತು ಜನ ಇರಲಿಲ್ಲ. ನಿಯಮಗಳ ಪಟ್ಟಿಯ ಕೊನೆಯಲ್ಲಿ ಒಂದು ಸಾಲು: ಮೀ ಫೈಟರ್‌ಗಳು 1111 ಮಾತ್ರ. ಇವನು ವರ್ಷಗಟ್ಟಲೆ ಕೈಗೆ ಹತ್ತಿಸಿಕೊಂಡಿದ್ದು ಬೇರೆ ಜೋಡಣೆ. ಯಾಕೆ ಸಾರ್ ಅಂತ ಕೇಳಿದ. ನಡೆಸುತ್ತಿದ್ದವರು ಒಳ್ಳೆಯವರೇ, ಜಗಳದ ಮಂದಿ ಅಲ್ಲ. "ಎಲ್ಲಾ ಕಡೆ ಹಾಗೇ ಅಲ್ವಾ?" ಅಂದರು. ಎಲ್ಲಾ ಕಡೆ ಹಾಗಿಲ್ಲ. ಅಲ್ಟಿಮೇಟ್‌ನ ದೊಡ್ಡ ಪಂದ್ಯಾವಳಿಗಳು ಮೀಗಳ ಎಲ್ಲಾ ವರಸೆಗಳಿಗೂ ಅವಕಾಶ ಕೊಡುತ್ತವೆ. 1111ರ ಆ ಸಾಲು ಸ್ಮ್ಯಾಶ್ 4ರ ಕಾಲದ್ದು. ಆಗ ಕೆಲವೆಡೆ ಹಾಗಿತ್ತು, ಕೆಲವೆಡೆ ಇರಲಿಲ್ಲ. ಯಾವುದೋ ಹಳೆಯ ಪಟ್ಟಿಯಿಂದ ಕಾಪಿ ಹೊಡೆದಿದ್ದಾರೆ ಅಷ್ಟೇ. ಅವನು 1111 ಆಡಿದ, ಎರಡು ಪಂದ್ಯ ಸೋತು, ಸಂಜೆ ಬಸ್ಸಿಗೆ ಹೊರಟ. ಆಮೇಲೆ ಅಂಥ ಕಡೆ ಬರೋದು ಬಿಟ್ಟಿದ್ದಾನೆ. "ನಂಗೋಸ್ಕರ ಒಂದು ರೂಲ್ ಮಾಡಿದಾರೆ ಕಣಣ್ಣ, ಸೋಲೋಕೆ ಅಲ್ಲಿಗ್ಯಾಕೆ ಹೋಗ್ಲಿ?" ಅಂತಾನೆ.

ನಾನು ಹೇಳುವ ಮೂರು ಪ್ರಶ್ನೆಗಳನ್ನು ಅಲ್ಟಿಮೇಟ್‌ನ ಮೀಗಳಿಗೆ ಹಚ್ಚಿ ನೋಡಿ. ವರಸೆಗಳೆಲ್ಲ ಮೊದಲ ದಿನದಿಂದಲೇ ತೆರೆದಿವೆ, ಗೊಂಬೆ ಮಾಡಿಕೊಳ್ಳೋಕೆ ಒಂದೆರಡು ನಿಮಿಷ ಸಾಕು. ಯಾರು ಬೇಕಾದರೂ ಮನೆಯಲ್ಲೇ ಅಭ್ಯಾಸ ಮಾಡಬಹುದು. ಸ್ಮ್ಯಾಶ್ 4ರಲ್ಲಿ ಗೊಂಬೆಯ ಎತ್ತರ, ದಪ್ಪಕ್ಕೆ ತಕ್ಕಂತೆ ವೇಗ, ಬಲ ಬದಲಾಗುತ್ತಿತ್ತು, ಅದೂ ಈಗ ಇಲ್ಲ. ಇನ್ನು ಮೀಗಳು ಬಂದು ಉಳಿದವರ ಆಟವನ್ನು ಕೊಂದಿವೆಯೇ ಅಂದರೆ, ಆರು ವರ್ಷದ ಮೇಲಾಯ್ತು, ಅಂಥದ್ದೇನೂ ಆಗಿಲ್ಲ. ಮೂರಕ್ಕೆ ಮೂರೂ ಪಾಸ್! ಆದರೂ ಒಬ್ಬ ಹುಡುಗ ಮನೆಗೆ ಹೋಗಬೇಕಾಯ್ತು. ಕಾರಣ ಮರೆತುಹೋಗಿ ನಿಯಮ ಮಾತ್ರ ಉಳಿದುಕೊಂಡಿದ್ದಕ್ಕೆ.

ನಮ್ಮ ವೃತ್ತಿಯಲ್ಲಿ ಇದು ದಿನಾ ನೋಡುವ ಕಾಯಿಲೆ. ಹಳೆಯ ಕೋಡಿನಲ್ಲಿ ಒಂದು ಸಾಲು ಇರುತ್ತೆ. ಯಾಕಿದೆ ಯಾರಿಗೂ ಗೊತ್ತಿಲ್ಲ. ಬರೆದವನು ಎರಡು ಕಂಪನಿ ಬದಲಿಸಿ ಹೋಗಿಯಾಗಿದೆ. ತೆಗೆಯೋಕೆ ಭಯ, ಹಾಗಾಗಿ ಹೊಸ ಪ್ರಾಜೆಕ್ಟಿಗೂ ಅದನ್ನೇ ಕಾಪಿ ಮಾಡ್ತೀವಿ. ಬರೆದವನು ಪಕ್ಕದಲ್ಲಿ ಒಂದು ಸಾಲು ಕಾರಣ ಬರೆದಿದ್ದರೆ ಸಾಕಿತ್ತು.

ಎದುರು ವಾದಕ್ಕೊಂದು ಉತ್ತರ

"ಸರಿ, ಆದರೆ 81 ಜೋಡಣೆ ಯಾರು ನೆನಪಿಟ್ಟುಕೊಳ್ಳೋದು? ಎದುರಿಗೆ ಬಂದ ಮೀ ಹತ್ತಿರ ಯಾವ ವರಸೆ ಇದೆ ಅಂತ ನನಗೆ ಹೇಗೆ ಗೊತ್ತಾಗಬೇಕು?" ನ್ಯಾಯವಾದ ಪ್ರಶ್ನೆ.

81 ಅನ್ನೋದು ಕಾಗದದ ಮೇಲಿನ ಲೆಕ್ಕ. ಇಬ್ಬರು ಮೀ ಆಟಗಾರರು ಎದುರಾದರೆ 81×81, ಅಂದರೆ 6,561 ಸಾಧ್ಯತೆ ಅಂತ ಹೆದರಿಸಬಹುದು. ನೀವು ಕಲಿಯಬೇಕಾದ್ದು 81 ಜೋಡಣೆ ಅಲ್ಲ, 12 ವರಸೆ. ಒಂದೊಂದನ್ನು ತಿಳಿದರೆ ಜೋಡಣೆ ತಾನಾಗಿ ಅರ್ಥವಾಗುತ್ತೆ. ಕಾಗುಣಿತ ಕಲಿತವನಿಗೆ ನಿಘಂಟು ಬಾಯಿಪಾಠ ಬೇಕಾಗಿಲ್ಲ.

ಎದುರಿನವನ ವರಸೆ ಮೊದಲೇ ತಿಳಿಯಬೇಕು ಅನ್ನೋದಕ್ಕೂ ಆಟಗಾರರೇ ಸರಳ ಉಪಾಯ ಮಾಡಿಕೊಂಡಿದ್ದಾರೆ. ಮೀಗೆ ಆ ನಾಲ್ಕಂಕಿಯನ್ನೇ ಹೆಸರಾಗಿ ಇಡೋದು. ಪರದೆಯ ಮೇಲೆ ಎಲ್ಲರಿಗೂ ಕಾಣುತ್ತೆ. ಇದನ್ನೇ ನಿಯಮ ಮಾಡಿ. ಜೋಡಣೆ ಬದಲಿಸಿದರೆ ಪಾತ್ರ ಬದಲಿಸಿದ ಹಾಗೆ ಅಂತ ಲೆಕ್ಕ ಹಿಡೀರಿ, ಪಾತ್ರ ಬದಲಿಸಲು ಯಾವ ಸರದಿ ಇದೆಯೋ ಅದೇ ಸರದಿ ಇದಕ್ಕೂ. ಮುಗೀತು. ಇದಕ್ಕೆ ನಿಷೇಧದ ಸುತ್ತಿಗೆ ಬೇಕಿಲ್ಲ.

ಹೊಸಬರಿಗೆ ಹೊರೆ ಆಗುತ್ತೆ ಅನ್ನೋದು ಸುಳ್ಳಲ್ಲ, ಅದನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ಅಲ್ಟಿಮೇಟ್‌ನಲ್ಲಿ 80ಕ್ಕೂ ಹೆಚ್ಚು ಪಾತ್ರಗಳಿವೆ. ಆ ಹೊರೆ ಹೊತ್ತವನಿಗೆ ಮೀಗಳ ಇನ್ನೊಂದಿಷ್ಟು ವರಸೆ ಬೆನ್ನು ಮುರಿಯೋದಿಲ್ಲ.

ಕೊನೆಯ ಮಾತು

ಚೌಕಾಬಾರ ಆಡಿದವರಿಗೆ ಗೊತ್ತು. ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಅಂತ ಕೆಲವು ಮನೆಗಳಲ್ಲಿ ಕಾನೂನು, ಕೆಲವು ಮನೆಗಳಲ್ಲಿ ಇಲ್ಲ. ಯಾರ ಮನೆಗೆ ಹೋದರೂ ಆಟಕ್ಕೆ ಮುಂಚೆ ಕೇಳಿಕೊಂಡೇ ಕೂರ್ತೀವಿ. ಮನೆ ಮನೆಗೆ ನಿಯಮ ಬೇರೆ ಇದ್ದರೆ ತಪ್ಪಿಲ್ಲ. ಆದರೆ ಬಹುಮಾನ, ಶುಲ್ಕ, ಹೆಸರು ಅಂತ ಇಟ್ಟು ಜನರನ್ನು ಕರೆದ ಮೇಲೆ "ನಮ್ಮನೇಲಿ ಹಿಂಗೇ" ಅನ್ನೋ ಉತ್ತರ ಸಾಲದು.

ಆದ್ದರಿಂದ ಪಂದ್ಯಾವಳಿ ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಏನನ್ನಾದರೂ ನಿಷೇಧಿಸಿ, ನಿಮ್ಮ ಹಕ್ಕು. ಆದರೆ ಪ್ರತಿ ನಿಷೇಧದ ಪಕ್ಕ ಒಂದು ಸಾಲು ಕಾರಣ ಬರೆಯಿರಿ. "ಎಲ್ಲಾ ಯಂತ್ರಗಳಲ್ಲಿ ಇಲ್ಲ, ಅದಕ್ಕೆ." "ಅಭ್ಯಾಸಕ್ಕೆ ದಾರಿ ಇಲ್ಲ, ಅದಕ್ಕೆ." ಹೊಸ ಆಟ ಬಂದಾಗ, ಆ ಕಾರಣ ಇನ್ನೂ ಇದೆಯಾ ಅಂತ ಒಮ್ಮೆ ನೋಡಿ. ಕಾರಣ ಹೋಗಿದ್ದರೆ ನಿಯಮವನ್ನೂ ಕಳಿಸಿಬಿಡಿ. ಬರೆಯೋಕೆ ಕಾರಣವೇ ಹೊಳೆಯದಿದ್ದರೆ, ಆ ನಿಯಮ ಮೊದಲಿಂದಲೇ ಬೇಕಿರಲಿಲ್ಲ ಅಂತ ಅರ್ಥ.

ಐಚ್ಛಿಕ ವರಸೆಗಳಿಗೆ ಅಖಾಡದಲ್ಲಿ ಜಾಗ ಇದೆ ಅನ್ನೋದು ನನ್ನ ಖಚಿತ ಅಭಿಪ್ರಾಯ, ಎಲ್ಲರ ಕೈಗೂ ಸಮಾನವಾಗಿ ಸಿಗುವಂತಿದ್ದರೆ. ಆ ಹುಡುಗನಿಗೆ ಮುಂದಿನ ಪಂದ್ಯಾವಳಿಯ ನಿಯಮಪಟ್ಟಿ ಬಂದ ಕೂಡಲೇ ಕಳಿಸುತ್ತೇನೆ ಅಂದಿದ್ದೇನೆ. 1111 ಅಂತ ಇದ್ದರೆ ಈ ಸಲ ಕಾರಣ ಕೇಳೋದು ಅವನಲ್ಲ, ನಾನು.

ನೀವೇನಂತೀರಿ?